ಲಸಿಕೆ ಹಾಕಿಸಿದ್ದೀನಿ, ಆದ್ರೂ ಹಂದಿಗಳು ಕೆಮ್ಮುತ್ತಿವೆ. ಮೇವಿಗೆ ಆಂಟಿಬಯೋಟಿಕ್ ಬೆರೆಸಲಾ?

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹಂದಿ ಸಾಕುವವರು ಚಳಿ ಶುರುವಾದ ಕೂಡಲೇ ಕೇಳುವ ಪ್ರಶ್ನೆ ಇದು. ಉತ್ತರ ಕೊಡುವ ಮೊದಲು ನಾನೂ ಒಂದು ಕೇಳಬೇಕು: ಯಾವ ಲಸಿಕೆ ಹಾಕಿಸಿದ್ದೀರಿ?

ನಮ್ಮ ಕಡೆ ಸಾಮಾನ್ಯವಾಗಿ ಹಾಕುವುದು ಹಂದಿ ಜ್ವರದ (ಕ್ಲಾಸಿಕಲ್ ಸ್ವೈನ್ ಫೀವರ್) ಲಸಿಕೆ. ಅದು ಬೇಕೇ ಬೇಕು, ತಪ್ಪಿಸಬೇಡಿ. ಆದರೆ ಅದು ತಡೆಯುವುದು ಆ ಒಂದು ರೋಗವನ್ನು ಮಾತ್ರ. ಎರಡು ಮೂರು ತಿಂಗಳ ಮರಿಗಳು ಒಣಕೆಮ್ಮು ಕೆಮ್ಮುತ್ತಾ, ತಿಂದರೂ ಮೈ ಹತ್ತದೆ, ಒಂದೇ ಬ್ಯಾಚಿನಲ್ಲಿ ಒಂದು ದಪ್ಪ ಒಂದು ಸಣಕಲು ಆಗುತ್ತಿದ್ದರೆ ಮೊದಲ ಅನುಮಾನ ಶ್ವಾಸಕೋಶಕ್ಕೆ ತಗಲುವ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಮೇಲೆ. ಅದಕ್ಕೆ ಬೇರೆಯೇ ಲಸಿಕೆ ಇದೆ, ಸಿಗುತ್ತದಾ ಅಂತ ನಿಮ್ಮ ಪಶುವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಮರಿ ಮೂರು ವಾರದ್ದಿರುವಾಗ ಹಾಕುತ್ತಾರೆ, ರಕ್ಷಣೆ ಬರೋದಕ್ಕೆ ಇನ್ನೂ ಎರಡು ಮೂರು ವಾರ ಬೇಕು. ಅಂದರೆ ಈಗಾಗಲೇ ಕೆಮ್ಮುತ್ತಿರುವ ಹಂದಿಗೆ ಚುಚ್ಚಿ ಪ್ರಯೋಜನ ಇಲ್ಲ, ಮುಂದಿನ ಬ್ಯಾಚಿಗೆ ಯೋಚಿಸಿ. ಹಾಕಿದ ಮೇಲೂ ಅಲ್ಲೊಂದು ಇಲ್ಲೊಂದು ಕೆಮ್ಮು ಕೇಳುತ್ತದೆ. ಈ ಲಸಿಕೆ ರೋಗಾಣುವನ್ನು ಓಡಿಸುವುದಿಲ್ಲ, ಶ್ವಾಸಕೋಶ ಹಾಳಾಗುವುದನ್ನು ಕಮ್ಮಿ ಮಾಡುತ್ತದೆ ಅಷ್ಟೇ.

ಇನ್ನು ಆಂಟಿಬಯೋಟಿಕ್. ಅಂಗಡಿಗೆ ಹೋಗಿ 'ಹಂದಿ ಕೆಮ್ಮುತ್ತೆ, ಏನಾದ್ರೂ ಕೊಡಿ' ಅಂದರೆ ಪೆನಿಸಿಲಿನ್ನೋ ಅಮಾಕ್ಸಿಸಿಲಿನ್ನೋ ಕೈಗೆ ಬರಬಹುದು. ಮೈಕೋಪ್ಲಾಸ್ಮಾ ಮೇಲೆ ಎರಡೂ ನಡೆಯುವುದಿಲ್ಲ. ಈ ಔಷಧಿಗಳು ಹೊಡೆಯುವುದು ಬ್ಯಾಕ್ಟೀರಿಯಾದ ಹೊರಗೋಡೆಗೆ, ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ! ಅದಕ್ಕೆ ಟೈಲೋಸಿನ್, ಡಾಕ್ಸಿಸೈಕ್ಲಿನ್, ಟಿಯಾಮುಲಿನ್ ಥರದವು ಬೇಕು. ಚೆನ್ನಾಗಿದ್ದ ಹಂದಿ ಬೆಳಿಗ್ಗೆ ನೋಡಿದರೆ ಸತ್ತು ಬಿದ್ದು, ಮೂಗಿನಲ್ಲಿ ರಕ್ತ ಬೆರೆತ ನೊರೆ ಇದ್ದರೆ ಅದು ಬೇರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು, ಔಷಧಿಯೂ ಬೇರೆ. ವೈರಸ್ ಆಗಿದ್ದರೆ ಯಾವ ಆಂಟಿಬಯೋಟಿಕ್ಕೂ ಅದನ್ನು ಮುಟ್ಟುವುದಿಲ್ಲ, ಹಿಂದಿಂದ ಸೇರಿಕೊಳ್ಳುವ ಬ್ಯಾಕ್ಟೀರಿಯಾಗೆ ಮಾತ್ರ ಉಪಯೋಗ. ಅದಕ್ಕೇ ಹೇಳುವುದು, ಸತ್ತ ಹಂದಿಯನ್ನು ಸುಮ್ನೆ ಹೂಳಬೇಡಿ, ವೈದ್ಯರಿಂದ ಪೋಸ್ಟ್‌ಮಾರ್ಟಂ ಮಾಡಿಸಿ. ಹತ್ತು ಬಾಟಲಿ ಔಷಧಿ ಹೇಳದ್ದನ್ನು ಒಂದು ಶ್ವಾಸಕೋಶ ಹೇಳುತ್ತದೆ.

ಟಿಯಾಮುಲಿನ್ ಬಗ್ಗೆ ಒಂದು ಎಚ್ಚರಿಕೆ, ಕೋಳಿ ಫಾರಂ ಜಾಸ್ತಿ ಇರುವ ಊರುಗಳಲ್ಲಂತೂ ಇದು ಗೊತ್ತಿರಲೇಬೇಕು. ಕೋಳಿ ಮೇವಿನಲ್ಲಿ ಮೊನೆನ್ಸಿನ್, ಸಲಿನೋಮೈಸಿನ್ ಥರದ ಔಷಧಿ ಬೆರೆಸಿರುವುದುಂಟು. ಉಳಿದ ಕೋಳಿ ಮೇವು ಅಗ್ಗಕ್ಕೆ ಸಿಕ್ಕಿತು ಅಂತ ಹಂದಿಗೆ ಹಾಕಿ, ಅದೇ ಹೊತ್ತಿಗೆ ಟಿಯಾಮುಲಿನ್ನೂ ಕೊಟ್ಟರೆ ಎರಡೂ ಸೇರಿ ವಿಷವಾಗುತ್ತದೆ. ಹಂದಿಗಳು ಕಾಲು ಸೋತು ಬೀಳುತ್ತವೆ, ಸಾಯಲೂಬಹುದು.

ಮೇವಿಗೆ ಬೆರೆಸುವ ವಿಚಾರಕ್ಕೆ ಬಂದರೆ, ಜ್ವರ ಬಂದ ಹಂದಿ ಮೊದಲು ಬಿಡುವುದೇ ಮೇವು. ಔಷಧಿ ತಿನ್ನುವವು ಚೆನ್ನಾಗಿರುವ ಹಂದಿಗಳು, ಬೇಕಾದ ಹಂದಿಗೆ ಸಿಗುವುದೇ ಇಲ್ಲ. ಅದು ನೀರನ್ನಾದರೂ ಸ್ವಲ್ಪ ಕುಡಿಯುತ್ತದೆ, ಹಾಗಾಗಿ ಗುಂಪಿಗೆ ಕೊಡುವುದಾದರೆ ನೀರಿನಲ್ಲಿ, ತೀರಾ ಸೋತಿದ್ದಕ್ಕೆ ಕಿವಿಯ ಹಿಂದೆ ಕುತ್ತಿಗೆಗೆ ಇಂಜೆಕ್ಷನ್. ಡೋಸು ತೂಕ ನೋಡಿ ವೈದ್ಯರು ಹೇಳಿದಷ್ಟು, ಹೇಳಿದಷ್ಟು ದಿನ. ಕೆಮ್ಮು ನಿಂತಿತು ಅಂತ ಎರಡನೇ ದಿನಕ್ಕೇ ನಿಲ್ಲಿಸಬೇಡಿ, ವರ್ಷಪೂರ್ತಿ ಚಿಟಿಕೆ ಚಿಟಿಕೆ ಹಾಕುತ್ತಲೂ ಇರಬೇಡಿ. ಎರಡರಿಂದಲೂ ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತದೆ. ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಸರ್ಕಾರ 2019ರಲ್ಲೇ ನಿಷೇಧಿಸಿದೆ, ಹಳೇ ಪೊಟ್ಟಣ ಇದ್ದರೂ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿ ಶೆಡ್ಡಿಗೆ ಸುತ್ತ ಟಾರ್ಪಾಲು ಬಿಗಿದರೆ ಏನು ಬಂತು? ಚಳಿ ಅಂತ ಪೂರ್ತಿ ಮುಚ್ಚುತ್ತೀರಿ, ಒಳಗೆ ಉಚ್ಚೆಯ ಅಮೋನಿಯಾ ತುಂಬಿ ನಿಮಗೇ ಕಣ್ಣುರಿ ಬರುತ್ತದೆ, ಅಲ್ವಾ? ಹಂದಿಯ ಮೂಗು ನೆಲದ ಹತ್ತಿರವೇ ಇರುತ್ತದೆ. ಮರಿಗಳಿಗೆ ಗಾಳಿ ನೇರ ಹೊಡೆಯದಂತೆ ಕೆಳಗೆ ಮುಚ್ಚಿ, ಮೇಲ್ಗಡೆ ಬಿಡಿ. ದೊಡ್ಡ ಹಂದಿಗಳ ಜೊತೆ ಸಣ್ಣ ಮರಿ ಸೇರಿಸಬೇಡಿ.

ಜೋರು ಜ್ವರ, ಕಿವಿ ಹೊಟ್ಟೆ ಕೆಂಪು ನೀಲಿಯಾಗುವುದು, ದಿನಕ್ಕೆ ಒಂದೆರಡು ಸಾಯುವುದು ಕಂಡರೆ ಔಷಧಿ ಪ್ರಯೋಗ ಅಲ್ಲಿಗೇ ನಿಲ್ಲಿಸಿ. ಹಂದಿ ಮಾರಬೇಡಿ, ಸಾಗಿಸಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಫ್ರಿಕನ್ ಹಂದಿ ಜ್ವರವೂ ಹೀಗೇ ಶುರುವಾಗುತ್ತದೆ. ಇದು ನೀವು ಲಸಿಕೆ ಹಾಕಿಸುವ ಹಂದಿ ಜ್ವರ ಅಲ್ಲ, ಬೇರೆಯೇ ರೋಗ, ಅದಕ್ಕೆ ನಮ್ಮ ದೇಶದಲ್ಲಿ ಲಸಿಕೆ ಇಲ್ಲ.