ದ್ವೀಪಾಂತರ ಅಂದರೆ ಗಡೀಪಾರಲ್ಲ

"ಬ್ರಿಟಿಷರು ತಮ್ಮ ಕಳ್ಳರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು." ಈ ವಾಕ್ಯ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಎಷ್ಟನೇ ಸಲವೋ ಲೆಕ್ಕವಿಲ್ಲ. ಕೈದಿಗಳನ್ನು ಸಮುದ್ರದಾಚೆಯ ನೆಲಕ್ಕೆ ಸಾಗಿಸಿ ಅಲ್ಲಿ ದುಡಿಸುವ ಈ ಶಿಕ್ಷೆಗೆ ಇಂಗ್ಲಿಷಿನಲ್ಲಿ ಟ್ರಾನ್ಸ್‌ಪೋರ್ಟೇಶನ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆಂದೇ ದ್ವೀಪಾಂತರ ಶಿಕ್ಷೆ ಅನ್ನುವ ಒಳ್ಳೆಯ ಪದ ಇರುವಾಗ ಗಡೀಪಾರು ಯಾಕೆ?

ಗಡೀಪಾರಿನಲ್ಲಿ ಮುಖ್ಯವಾದದ್ದು ಇಲ್ಲಿ ಇರಬೇಡ ಅನ್ನುವ ಮಾತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ರೌಡಿಗಳನ್ನು ಇವತ್ತಿಗೂ ಜಿಲ್ಲೆಯಿಂದ ಗಡೀಪಾರು ಮಾಡುತ್ತಾರೆ. ಹೋದ ಊರಲ್ಲಿ ಅವನು ಯಾರ ಹೊಲದಲ್ಲೂ ಬಿಟ್ಟಿ ದುಡಿಯಬೇಕಿಲ್ಲ.

ದ್ವೀಪಾಂತರದಲ್ಲಿ ಜನ ಎಡವುವುದು 'ಅಂತರ'ದ ಹತ್ತಿರ. "ಅಂತರ ಕಾಯ್ದುಕೊಳ್ಳಿ" ಅಂತ ಓದಿ ಓದಿ ಅಂತರ ಅಂದರೆ ದೂರ ಅಂತಲೇ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಸಮಾಸದ ಕೊನೆಯಲ್ಲಿ ಬಂದರೆ ಅದಕ್ಕೆ ಬೇರೆ ಅನ್ನುವ ಅರ್ಥ. ಸ್ಥಳಾಂತರ ಅಂದಾಗ ಬೇರೆ ಸ್ಥಳ, ರೂಪಾಂತರ ಅಂದಾಗ ಬೇರೆ ರೂಪ, ದೇಶಾಂತರ ಹೋದ ಅಂದಾಗ ಬೇರೆ ದೇಶ. ಹಾಗೇ ದ್ವೀಪಾಂತರ ಅಂದರೆ ಬೇರೆ ದ್ವೀಪ. ಗಡೀಪಾರು ಬಿಟ್ಟುಹೋದ ಗಡಿಯ ಹೆಸರು ಹೇಳುತ್ತದೆ, ದ್ವೀಪಾಂತರ ಹೋಗಿ ಸೇರಿದ ನೆಲದ ಹೆಸರು. ಆಸ್ಟ್ರೇಲಿಯಾ ಖಂಡ ಅಲ್ವಾ, ದ್ವೀಪ ಹೇಗಾಯಿತು ಅಂತ ಕೇಳುವವರಿದ್ದಾರೆ. ಪೂಜೆಯ ಸಂಕಲ್ಪದಲ್ಲಿ "ಜಂಬೂದ್ವೀಪೇ ಭರತವರ್ಷೇ" ಅನ್ನುತ್ತೇವಲ್ಲ, ಅಲ್ಲಿ ದ್ವೀಪ ಅಂದರೆ ದೊಡ್ಡ ಭೂಭಾಗವೇ.

ಈ ಶಿಕ್ಷೆಗೆ ಆ ನೆಲವೇ ಜೀವಾಳ. ಮೊದಲು ಕೈದಿಗಳು ಅಮೆರಿಕಕ್ಕೆ ಹೋಗುತ್ತಿದ್ದರು. ಅಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. 1787ರ ಮೇನಲ್ಲಿ ಪೋರ್ಟ್ಸ್‌ಮತ್‌ನಿಂದ 11 ಹಡಗು ಹೊರಟು ಮರುವರ್ಷದ ಜನವರಿಯಲ್ಲಿ ಆಸ್ಟ್ರೇಲಿಯಾ ಮುಟ್ಟಿದವು. 1868ರ ಹೊತ್ತಿಗೆ ಸುಮಾರು 1,62,000 ಜನರನ್ನು ಹೀಗೆ ಸಾಗಿಸಿದ್ದರು. ಶಿಕ್ಷೆ ಸಾಮಾನ್ಯವಾಗಿ 7 ವರ್ಷ, 14 ವರ್ಷ, ಇಲ್ಲವೇ ಜೀವನಪೂರ್ತಿ. ಅವಧಿ ಮುಗಿಯುವ ಮೊದಲೇ ಬ್ರಿಟನ್ನಿಗೆ ವಾಪಸ್ ಬಂದು ಸಿಕ್ಕಿಬಿದ್ದರೆ 1834ರವರೆಗೂ ಗಲ್ಲು ಶಿಕ್ಷೆ ಇತ್ತು.

ಇನ್ನು ಅಲ್ಲಿನ ಬದುಕು. ದ್ವೀಪಾಂತರ ಅಂದ ಕೂಡಲೇ ನಮ್ಮವರ ಕಣ್ಣ ಮುಂದೆ 'ಕರಿನೀರು' ಬರುತ್ತದೆ, ಅಂಡಮಾನಿನ ಸೆಲ್ಯುಲರ್ ಜೈಲಿನ ಒಂಟಿ ಕೋಣೆ ಬರುತ್ತದೆ. ಆ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ, ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಸಾಗಿಸುವುದು ನಿಂತು ಎಷ್ಟೋ ವರ್ಷವಾದ ಮೇಲೆ. ಸಿಡ್ನಿ ಕಡೆ ಹೋದ ಹೆಚ್ಚಿನವರು ಕೋಣೆಯಲ್ಲಿ ಕೂತವರೇ ಅಲ್ಲ. ಸರ್ಕಾರ ಅವರನ್ನು ರಸ್ತೆ, ಕಟ್ಟಡದ ಕೆಲಸಕ್ಕೆ ಹಚ್ಚುತ್ತಿತ್ತು, ಇಲ್ಲವೇ ವಲಸೆ ಬಂದ ರೈತರ ಮನೆಗೆ ಆಳಾಗಿ ಕೊಡುತ್ತಿತ್ತು. ಆಳಿಗೆ ಊಟ, ಬಟ್ಟೆ ಸಿಗಬೇಕು. ಮಾತು ಕೇಳದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಚಾಟಿ ಏಟು. ಅಲ್ಲಿಗೆ ಹೋದ ಮೇಲೂ ದೊಡ್ಡ ತಪ್ಪು ಮಾಡಿದವರಿಗೆ ನಾರ್ಫೋಕ್ ದ್ವೀಪ, ಪೋರ್ಟ್ ಆರ್ಥರ್‌ನಂಥ ನರಕಗಳಿದ್ದವು. ಎಲ್ಲರ ಕಥೆಯನ್ನೂ ಅವುಗಳಿಂದಲೇ ಅಳೆಯುವುದು ಸರಿಯಲ್ಲ.

ಮೇರಿ ರೀಬಿಯನ್ನು ನೋಡಿ. ಗಂಡುಹುಡುಗನ ವೇಷದಲ್ಲಿದ್ದ ಈ ಹುಡುಗಿ ಕುದುರೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಾಗ ವಯಸ್ಸು 13. ಶಿಕ್ಷೆ 7 ವರ್ಷ. 1792ರಲ್ಲಿ ಸಿಡ್ನಿಗೆ ಇಳಿದ ಅವಳಿಗೆ ಸಿಕ್ಕ ಕೆಲಸ ಒಬ್ಬ ಅಧಿಕಾರಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು. ಮುಂದೆ ದೊಡ್ಡ ವ್ಯಾಪಾರಿಯಾದಳು. ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಇರುವುದು ಅವಳದೇ ಮುಖ. ಇದನ್ನೆಲ್ಲ 'ಗಡೀಪಾರು' ಹೇಳುತ್ತದೆಯೇ?

ಜೊತೆಗೆ ಇನ್ನೊಂದು ತಪ್ಪು. 'ಟಿಕೆಟ್ ಆಫ್ ಲೀವ್' ಅನ್ನುವುದನ್ನು ಸುಮ್ನೆ 'ರಜಾ ಚೀಟಿ' ಅಂತ ಮಾಡಬೇಡಿ. ಇಲ್ಲಿ ಲೀವ್ ಅಂದರೆ ಅಪ್ಪಣೆ. ನಡತೆ ಚೆನ್ನಾಗಿದ್ದ ಕೈದಿಗೆ ಶಿಕ್ಷೆ ಮುಗಿಯುವ ಮೊದಲೇ ಕೊಡುತ್ತಿದ್ದ ಪರವಾನಗಿ ಅದು. ಬಂದ ಹಡಗು, ಹುಟ್ಟಿದ ಊರು, ಎತ್ತರ, ಮೈಬಣ್ಣ, ಕಣ್ಣಿನ ಬಣ್ಣ, ಗಾಯದ ಗುರುತು, ಹಚ್ಚೆ ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಚೀಟಿ ಇದ್ದವನು ತನಗಾಗಿ ದುಡಿದು ಕೂಲಿ ಇಟ್ಟುಕೊಳ್ಳಬಹುದಿತ್ತು. ಆದರೆ ಅದರಲ್ಲಿ ಒಂದು ಜಿಲ್ಲೆಯ ಹೆಸರೂ ಇರುತ್ತಿತ್ತು. ಅಪ್ಪಣೆಯಿಲ್ಲದೆ ಆ ಜಿಲ್ಲೆಯ ಗಡಿ ದಾಟಿದರೆ ಚೀಟಿ ಕಿತ್ತುಕೊಳ್ಳುತ್ತಿದ್ದರು.