ರೋಹಿಣಿ ಮಳೆಯಲ್ಲಿ ರೋಹಿಣಿ ಎಲ್ಲಿರುತ್ತದೆ? ತಾರಾಲಯದಲ್ಲಿ ಕಲಿಯುವ ಒಂದು ಪಾಠ

"ರೋಹಿಣಿ ಮಳೆ ಶುರುವಾಯ್ತು" ಅಂತ ಊರಿನ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಮೇ ಕೊನೆಯ ವಾರದಿಂದ ಸುಮಾರು ಎರಡು ವಾರ ಅದರ ಕಾಲ. ಆದರೆ ಆ ದಿನಗಳಲ್ಲಿ ರಾತ್ರಿಯಿಡೀ ಹುಡುಕಿದರೂ ರೋಹಿಣಿ ನಕ್ಷತ್ರ ಸಿಗುವುದಿಲ್ಲ. ಹಾಗಾದರೆ ಆ ಹೆಸರು ಯಾಕೆ?

ಉತ್ತರ ಹಗಲಿನ ಆಕಾಶದಲ್ಲಿದೆ. ಆಗ ಸೂರ್ಯ ರೋಹಿಣಿ ಇರುವ ಭಾಗದಲ್ಲೇ ಇರುತ್ತಾನೆ. ಅವನ ಬೆಳಕಿನಲ್ಲಿ ನಕ್ಷತ್ರ ಮುಚ್ಚಿಹೋಗುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದು ಹೇಳಿದರೆ ತಲೆಗೆ ಹೋಗುವುದು ಕಷ್ಟ. ತಾರಾಲಯದಲ್ಲಿ ಹಾಗಲ್ಲ. ಬೆಂಗಳೂರಿನ ನೆಹರು ತಾರಾಲಯದಂಥ ಕಡೆ ಗುಮ್ಮಟದ ಮೇಲೆ ಸೂರ್ಯನನ್ನೂ ನಕ್ಷತ್ರಗಳನ್ನೂ ಒಟ್ಟಿಗೆ ತೋರಿಸಬಹುದು. ಹಗಲಿನ ನೀಲಿಯನ್ನು ತೆಗೆದುಬಿಡಬಹುದು! ನನ್ನ ಮಟ್ಟಿಗೆ ತಾರಾಲಯದ ನಿಜವಾದ ಶಕ್ತಿ ಇದೇ. ಚಂದದ ಚಿತ್ರಗಳು ಆಮೇಲಿನ ಮಾತು.

ಮನೆಯಲ್ಲೂ ಮಾಡಿ ನೋಡಿ. ಸ್ಟೆಲೇರಿಯಂ ಉಚಿತ ಸಾಫ್ಟ್‌ವೇರ್, ಕಂಪ್ಯೂಟರಿನೊಳಗಿನ ತಾರಾಲಯ ಅಂತಲೇ ಅನ್ನಬಹುದು. ಊರು ಬೆಂಗಳೂರು, ದಿನ ಜೂನ್ 1, ಹೊತ್ತು ಮಧ್ಯಾಹ್ನ 12 ಅಂತ ಇಡಿ. ಇಂಗ್ಲಿಷ್‌ನ 'ಎ' ಕೀ ಒತ್ತಿದರೆ ವಾತಾವರಣ ಮಾಯವಾಗಿ ನಕ್ಷತ್ರಗಳು ಕಾಣುತ್ತವೆ. ಸೂರ್ಯನಿಂದ ಐದಾರು ಡಿಗ್ರಿ ದಕ್ಷಿಣಕ್ಕೆ ಕೆಂಪು ಛಾಯೆಯ ರೋಹಿಣಿ ಇರುತ್ತದೆ. ಕೈ ಚಾಚಿ ಹಿಡಿದ ಮೂರು ಬೆರಳಿನ ಅಗಲದಷ್ಟು ದೂರ, ಅಷ್ಟೇ.

ಈಗ ದಿನಾಂಕವನ್ನು ಒಂದೊಂದೇ ದಿನ ಮುಂದಕ್ಕೆ ಸರಿಸಿ. ನಕ್ಷತ್ರಗಳ ನಡುವೆ ಸೂರ್ಯ ದಿನಕ್ಕೆ ಸುಮಾರು 1 ಡಿಗ್ರಿ ಪೂರ್ವಕ್ಕೆ ಜರುಗುತ್ತಾನೆ. ನಿಜಕ್ಕೂ ಸುತ್ತುತ್ತಿರುವುದು ಭೂಮಿ, ಅಲ್ವಾ? ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮಳೆ ನಕ್ಷತ್ರಗಳ ಲೆಕ್ಕವೂ ಇದೇ.

ಪಾಠ ಮಾಡುವವರಿಗೆ ಒಂದು ಮಾತು: ಉತ್ತರ ಮೊದಲೇ ಹೇಳಬೇಡಿ. "ಹಾಗಾದರೆ ರೋಹಿಣಿಯನ್ನು ರಾತ್ರಿ ಚೆನ್ನಾಗಿ ನೋಡಲು ಯಾವ ತಿಂಗಳು ಬೇಕು?" ಅಂತ ಮಕ್ಕಳನ್ನು ಕೇಳಿ. ಆರು ತಿಂಗಳು ಎಣಿಸಿ ಡಿಸೆಂಬರ್ ಅನ್ನುವವರು ಸಿಕ್ಕೇ ಸಿಗುತ್ತಾರೆ. ಆಮೇಲೆ ಡಿಸೆಂಬರ್ 1, ನಡುರಾತ್ರಿ ಅಂತ ಇಟ್ಟು ತೋರಿಸಿ. ಬೆಂಗಳೂರಿನಲ್ಲಿ ರೋಹಿಣಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಆ ತಿಂಗಳು ಮೋಡವಿಲ್ಲದ ಒಂದು ರಾತ್ರಿ ಅವರನ್ನು ಹೊರಗೆ ಕರೆದುಕೊಂಡು ಹೋಗಿ.