ದೆಹಲಿಯ ಸಚಿವಾಲಯ ಕಟ್ಟಡಗಳು: ಇಳಿಜಾರಿನಿಂದ ಓದಲು ಆರಂಭಿಸಿ

ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಗುಮ್ಮಟ, ಕಂಬಗಳಿಂದ ಶುರು ಮಾಡುತ್ತೇವೆ. ನೆಲದ ಏರಿನಿಂದ ಶುರು ಮಾಡಿದ ಮೇಲೆಯೇ ನನಗೆ ಈ ಕಟ್ಟಡಗಳು ಅರ್ಥವಾದವು.

ಹಿನ್ನೆಲೆ ಇಷ್ಟು. ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುವುದೆಂದು 1911ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ವೈಸ್‌ರಾಯ್ ಭವನದ (ಇಂದಿನ ರಾಷ್ಟ್ರಪತಿ ಭವನ) ಹೊಣೆ ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್‌ಗೆ, ಎರಡು ಸಚಿವಾಲಯಗಳದ್ದು ಇನ್ನೊಬ್ಬ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್‌ಗೆ. ನಡುವೆ ಮಹಾಯುದ್ಧ ಬಂದು ಕೆಲಸ ಕುಂಟಿತು. ಹೊಸ ರಾಜಧಾನಿಯ ಉದ್ಘಾಟನೆ 1931ರ ಫೆಬ್ರವರಿಯಲ್ಲಿ ಆಯಿತು.

ಸಚಿವಾಲಯಗಳೂ ರೈಸಿನಾ ಗುಡ್ಡದ ಮೇಲೆ, ಭವನದ ಮಟ್ಟದಲ್ಲೇ ನಿಲ್ಲಬೇಕೆಂದು ಬೇಕರ್ ಬಯಸಿದರು. ಲುಟಿಯೆನ್ಸ್ ಒಪ್ಪಿದರು. ಭವನ ಹಿಂದಕ್ಕೆ ಸರಿಯಿತು, ಎರಡು ಬ್ಲಾಕ್‌ಗಳ ನಡುವಿನ ದಾರಿ ಏರಾಯಿತು. ಈಗ ನೋಟ್‌ಬುಕ್ಕಿನಲ್ಲಿ ಒಂದು ಸೆಕ್ಷನ್ (ನೆಲವನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದಂಥ ಚಿತ್ರ) ಬರೆಯಿರಿ: ಕೆಳಗೆ ವಿಜಯ್ ಚೌಕ್, ಮೇಲೆ ಸಮತಟ್ಟಾದ ಗುಡ್ಡ, ಬಹಳ ಹಿಂದೆ ಭವನ. ಚೌಕದಲ್ಲಿ ನಿಂತವರ ಕಣ್ಣಿನಿಂದ ಏರಿನ ನೆತ್ತಿಯನ್ನು ತಾಗಿಸಿ ಒಂದು ಗೆರೆ ಎಳೆದು ಮುಂದುವರಿಸಿ. ಭವನದ ಬಹುಭಾಗ ಆ ಗೆರೆಯ ಕೆಳಗೆ ಅಡಗಿಬಿಡುತ್ತದೆ! ಲುಟಿಯೆನ್ಸ್‌ಗೆ ಇದು ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. ಏರನ್ನು ತಗ್ಗಿಸಿ ಎಂದು ಪಟ್ಟು ಹಿಡಿದರೂ ನಡೆಯಲಿಲ್ಲ. ವಾಟರ್‌ಲೂ ಸೋಲನ್ನು ನೆನೆಸುವಂತೆ ಇದನ್ನು ಅವರು ತಮ್ಮ ‘ಬೇಕರ್‌ಲೂ’ ಎಂದು ಕರೆದರು. ಲುಟಿಯೆನ್ಸ್‌ರ ನೋವು ನನಗೆ ಅರ್ಥವಾಗುತ್ತದೆ. ಆದರೂ ಅರಮನೆಗಿಂತ ಮೊದಲು ಕಚೇರಿಗಳು ಎದುರಾಗುವ ಈ ನೋಟ ನನಗೆ ಇಷ್ಟ.

ನಾರ್ತ್ ಬ್ಲಾಕ್‌ನ ದ್ವಾರದ ಬಳಿ ಇಂಗ್ಲಿಷಿನಲ್ಲಿ ಕೆತ್ತಿದ ಸಾಲುಗಳಿವೆ. ಸ್ವಾತಂತ್ರ್ಯ ಜನರತ್ತ ಇಳಿದು ಬರುವುದಿಲ್ಲ, ಜನರೇ ಅದರತ್ತ ಏರಬೇಕು ಎಂಬುದು ಅವುಗಳ ಭಾವ. ಆಳುವವರು ಆಳಿಸಿಕೊಳ್ಳುವವರಿಗೆ ಕಲ್ಲಿನಲ್ಲಿ ಹೇಳಿದ ಈ ಪಾಠವನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇದನ್ನೂ ವಿನ್ಯಾಸದ ಭಾಗವೆಂದೇ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಇನ್ನು ಕಲ್ಲು. ಬುಡದಲ್ಲಿ ಕೆಂಪು ಮರಳುಗಲ್ಲು, ಅದರ ಮೇಲೆ ತಿಳಿ ಕೆನೆಬಣ್ಣದ್ದು. ಕಂಬಸಾಲು, ಗುಮ್ಮಟಗಳು ಯುರೋಪಿನ ಪದ್ಧತಿಯವು. ಜಾಲಿ (ತೂತು ಕೊರೆದ ಕಲ್ಲಿನ ಜಾಲರಿ), ಛತ್ರಿ (ಕಂಬಗಳ ಮೇಲೆ ನಿಂತ ಪುಟ್ಟ ಗುಮ್ಮಟದ ಮಂಟಪ), ಛಜ್ಜಾ ಇಲ್ಲಿಯವು. ಇವುಗಳಲ್ಲಿ ಛಜ್ಜಾವನ್ನು ಗಮನವಿಟ್ಟು ನೋಡಿ. ಗೋಡೆಯಿಂದ ಮುಂಚಾಚಿದ ತೆಳುವಾದ ಕಲ್ಲಿನ ಅಂಚು ಅದು. ಮಧ್ಯಾಹ್ನದ ಬಿಸಿಲಿನಲ್ಲಿ ಗೋಡೆಯ ಮೇಲೆ ಉದ್ದಕ್ಕೂ ನೆರಳಿನ ಪಟ್ಟಿ ಬೀಳಿಸುತ್ತದೆ, ಮಳೆನೀರನ್ನು ಗೋಡೆಯಿಂದ ದೂರ ಚೆಲ್ಲುತ್ತದೆ. ನಮ್ಮ ಮೇಸ್ತ್ರಿಗಳು ಕಿಟಕಿಯ ಮೇಲೆ ಹಾಕುವ ‘ಸಜ್ಜಾ’ ಇದೇ.